ಬ್ಯಾರನ್ನಿನಲ್ಲಿ ಒಣಗಿದ ಫೋನು

ನಮ್ಮ ಮನೆಗೆ ಮುಂಬಾಗಿಲು ಇರಲಿಲ್ಲ, ಶಟರ್ ಇತ್ತು. ಅರಕಲಗೂಡಿನ ಬಸ್ ಸ್ಟ್ಯಾಂಡಿನಿಂದ ಐದು ನಿಮಿಷ ನಡೆದರೆ ಸಿಗುತ್ತಿದ್ದ ಆ ಮನೆಯ ಮುಂದಿನ ಕೋಣೆಯೇ ಅಪ್ಪನ ಮೊಬೈಲ್ ರಿಪೇರಿ ಅಂಗಡಿ. ಬೆಳಗ್ಗೆ ಅಪ್ಪ ಶಟರ್ ಎತ್ತಿದರೆ ಮನೆಗೆಲ್ಲ ಬೆಳಕು, ಇಳಿಸಿದರೆ ಕತ್ತಲು. ನಾನು ಶಾಲೆಗೆ ಹೊರಟರೆ ಗಿರಾಕಿಗಳ ನಡುವೆ ದಾರಿ ಮಾಡಿಕೊಂಡು ಹೋಗಬೇಕಿತ್ತು. ನೆಂಟರು ಬಂದರೆ ಕೌಂಟರಿನ ಹಲಗೆ ಎತ್ತಿ, ತಲೆ ಬಗ್ಗಿಸಿ ಬನ್ನಿ ಎಂದು ಒಳಗೆ ಕರೆಯಬೇಕಿತ್ತು. ಅಂಗಡಿಯ ಹಿಂದೆ ನಡುಮನೆ, ಅಲ್ಲಿ ಟೀವಿ ಮತ್ತು ತಾತ. ಅದರ ಹಿಂದೆ ಅಡುಗೆಮನೆ, ಅಲ್ಲಿ ಅಮ್ಮ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು, ಒಂದು ಸೀಬೆ ಗಿಡ. ಇಷ್ಟೇ ಮನೆ. ಗೋಡೆಗಳಿದ್ದವು, ಆದರೆ ವಾಸನೆಗೆ ಗೋಡೆ ಇರಲಿಲ್ಲ. ಅಪ್ಪ ಬೆಸುಗೆ ಹಾಕುವಾಗ ಏಳುವ ಹೊಗೆಯೂ ಅಮ್ಮನ ಹುರುಳಿ ಬಸ್ಸಾರಿನ ಹೊಗೆಯೂ ನಡುಮನೆಯಲ್ಲಿ ಸೇರಿಕೊಳ್ಳುತ್ತಿದ್ದವು. ಇವತ್ತಿಗೂ ಬೆಸುಗೆಯ ವಾಸನೆ ಬಂದರೆ ನನಗೆ ಹಸಿವಾಗುತ್ತದೆ, ನಂಬಿ.

ನಾನು ಯಾವ ಕೋರ್ಸನ್ನೂ ಮಾಡಿದವಳಲ್ಲ. ಕಲಿತದ್ದೆಲ್ಲ ಅಪ್ಪನ ಪಕ್ಕದ ಸ್ಟೂಲಿನ ಮೇಲೆ ಕೂತು. ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಬಟನ್ ಫೋನು ಯಾವುದೇ ಕೊಟ್ಟರೂ ಕಣ್ಣು ಮುಚ್ಚಿ ಬಿಚ್ಚುತ್ತಿದ್ದೆ. ಆಮೇಲೆ ಮನೆಗೆ ಟಚ್ ಫೋನು ಬಂತು, ಇಂಟರ್ನೆಟ್ಟು ಬಂತು, ವಿಡಿಯೊ ನೋಡಿ ಇನ್ನಷ್ಟು ಕಲಿತೆ. ಕಲಿತದ್ದಕ್ಕಿಂತ ಜಾಸ್ತಿ ಮಾತಾಡಲು ಕಲಿತೆ. ಯಾವ ಫೋನಿನ ಕ್ಯಾಮೆರಾ ಬರೀ ನಂಬರಿನ ಆಟ, ಯಾವ ಚಾರ್ಜರು ಕಲ್ಲಿನಂತೆ ಗಟ್ಟಿ, ನಾಲ್ಕು ಸ್ಪೀಕರಿನ ಸೆಟ್ಟು ಯಾಕೆ ಆರು ತಿಂಗಳಿಗೆ ಸಾಯುತ್ತದೆ, ಎಲ್ಲದಕ್ಕೂ ನನ್ನ ಹತ್ತಿರ ಅಭಿಪ್ರಾಯವಿತ್ತು. ಗಿರಾಕಿಗಳು ನಗುತ್ತಿದ್ದರು. ಕೆಲವರು ಅಪ್ಪನನ್ನು ಬಿಟ್ಟು ನನ್ನನ್ನೇ ಕೇಳುತ್ತಿದ್ದರು. ನನಗೆ ಅದಕ್ಕಿಂತ ದೊಡ್ಡ ಬಹುಮಾನ ಬೇರೆ ಇರಲಿಲ್ಲ.

ಅಪ್ಪನಿಗೆ ಅಭಿಪ್ರಾಯಗಳೇ ಇರಲಿಲ್ಲ. ಯಾವ ಫೋನು ಒಳ್ಳೆಯದು ಎಂದು ಕೇಳಿದರೆ, "ಕೆಡದೇ ಇರೋದು ಒಳ್ಳೇದು" ಎನ್ನುತ್ತಿದ್ದ. ಫೋನು ತಂದು ಏನಾಗಿದೆ ಎಂದು ಕೇಳಿದವರಿಗೆ ಅವನು ಬಿಚ್ಚಿ ನೋಡುವ ತನಕ ಒಂದು ಮಾತೂ ಹೇಳುತ್ತಿರಲಿಲ್ಲ. ಡಿಸ್‌ಪ್ಲೇ ಹೋಗಿದೆ ಎಂದು ಕಣ್ಣಿಗೇ ಕಾಣುತ್ತಿದ್ದರೂ ಹೇಳುತ್ತಿರಲಿಲ್ಲ. ನಾನು ಪಕ್ಕದಿಂದ ಬಾಯಿ ಹಾಕಿದರೆ ಟೇಬಲ್ಲಿನ ಕೆಳಗೆ ಕಾಲಲ್ಲಿ ಮೆಲ್ಲಗೆ ತಟ್ಟುತ್ತಿದ್ದ.

ಅಮ್ಮನ ಅಭಿಪ್ರಾಯ ಒಂದೇ: ಫೋನು ಅಡುಗೆಮನೆಯ ಹೊಸಿಲು ದಾಟಬಾರದು. ಗ್ಯಾಸ್ ಒಲೆಯ ಹತ್ತಿರ ಫೋನು ರಿಂಗಾದರೆ ಸಿಲಿಂಡರ್ ಸಿಡಿಯುತ್ತದೆ ಎಂದು ಟೀವಿಯಲ್ಲಿ ಬಂದಿತ್ತಂತೆ. ಆದ್ದರಿಂದ ಹಳೇಕೋಟೆಯ ತವರುಮನೆಯಿಂದ ಫೋನು ಬಂದರೆ ಅಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ನಡುಮನೆಗೆ ಓಡಿ ಬರುತ್ತಿದ್ದಳು, ಒಲೆಯ ಮೇಲೆ ಒಗ್ಗರಣೆ ಸೀದು ಕಪ್ಪಾಗುತ್ತಿತ್ತು. ಸೀದ ಒಗ್ಗರಣೆಯ ಸಾರು ಉಂಡಷ್ಟು ನಾವು ಸರಿಯಾದ ಸಾರು ಉಂಡಿಲ್ಲ. ಅಮ್ಮನೂ ಅಜ್ಜಿಯೂ ಒಂದು ಗಂಟೆ ಮಾತಾಡಿದರೆ ಅದರಲ್ಲಿ ಅರ್ಧ ಗಂಟೆ ಟೀವಿಯಲ್ಲಿ ಬಂದದ್ದೇ. ಯಾವ ಹಣ್ಣಿಗೆ ಸೂಜಿ ಚುಚ್ಚುತ್ತಾರೆ, ಯಾವ ಅಕ್ಕಿ ಪ್ಲಾಸ್ಟಿಕ್ಕು, ಹೀಗೆ.

ಆದರೆ ಟೀವಿಯ ನಿಜವಾದ ಭಕ್ತ ತಾತ, ಅಪ್ಪನ ಅಪ್ಪ. ತಾತ ತನ್ನ ಕಾಲದಲ್ಲಿ ಸೈಕಲ್ಲಿನ ಹಿಂದೆ ಬಟ್ಟೆ ಗಂಟು ಕಟ್ಟಿಕೊಂಡು ಊರೂರು ತಿರುಗಿ ಮಾರಿದವನು. ಸಂತೆಯಲ್ಲಿ ಹುಟ್ಟುವ ಸುದ್ದಿ ಎಷ್ಟು ಸುಳ್ಳು ಎಂದು ಅವನಿಗೆ ಗೊತ್ತಿತ್ತು. ಯಾರೋ ಸತ್ತರು ಎಂದು ಕೇಳಿ ಬಿಳಿ ಬಟ್ಟೆ ತೆಗೆದುಕೊಂಡು ಹೋದರೆ ಸತ್ತವನೇ ಬಂದು ಬಾಗಿಲು ತೆಗೆದ ಕಥೆಯನ್ನು ನೂರು ಸಲ ಹೇಳಿದ್ದಾನೆ. ಹಾಗಾಗಿ ಬಾಯಿಂದ ಬಾಯಿಗೆ ಬಂದದ್ದನ್ನು ಅವನು ನಂಬುತ್ತಿರಲಿಲ್ಲ. ಪೇಪರಿನಲ್ಲಿ ಅಚ್ಚಾದದ್ದು, ರೇಡಿಯೊದಲ್ಲಿ ಓದಿದ್ದು, ಅದು ನಿಜ. ವಯಸ್ಸಾದ ಮೇಲೆ ಆ ನಂಬಿಕೆಯನ್ನೆಲ್ಲ ಹಾಗೆಯೇ ಎತ್ತಿ ಟೀವಿಯ ಮೇಲಿಟ್ಟ. ಸಂಜೆ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಬೆಂಚಿನ ಮೇಲೆ ಕಾಲು ಮಡಚಿ ಕೂತು ಸುದ್ದಿ ನೋಡುತ್ತಿದ್ದ. ಸುದ್ದಿಯ ಹೊತ್ತಿನಲ್ಲಿ ಯಾರೂ ಮಾತಾಡಬಾರದು. ಊಟದ ತಟ್ಟೆಗಳೂ ಸದ್ದು ಮಾಡಬಾರದು. ಹೊಸ ನೋಟು ಬಂದ ಕಾಲದಲ್ಲಿ ಅದರೊಳಗೆ ಚಿಪ್ಪು ಇದೆ ಎಂದು ಸುದ್ದಿಯಲ್ಲಿ ಕೇಳಿ, ನೋಟನ್ನು ಟ್ಯೂಬ್‌ಲೈಟಿಗೆ ಹಿಡಿದು ಹಿಂದೆ ಮುಂದೆ ನೋಡಿದ. ನಾನು ನಕ್ಕೆ.

"ತಾತ, ಚಿಪ್ಪಿಗೆ ಕರೆಂಟ್ ಬೇಕು. ನೋಟಿಗೆ ಎಲ್ಲಿಂದ ಕರೆಂಟ್ ಬತ್ತದೆ? ಚಾರ್ಜ್‌ಗಾಕ್ತೀಯಾ?"

"ಟೀವಿಯವ್ರಿಗಿಂತ ನೀನ್ ಜಾಸ್ತಿ ತಿಳ್ಕಂಡಿದೀಯಾ? ಅಷ್ಟ್ ದೊಡ್ಡೋರು ಸೂಟ್ ಆಕ್ಕಂಡು, ನಾಡಿಗೇ ಕೇಳಂಗೆ ಸುಳ್ಳೇಳ್ತಾರಾ?"

"ಏಳ್ತಾರೆ."

"ಮಂಜಾ, ನಿನ್ ಮಗಳ ಬಾಯಿಗೆ ಒಂದ್ ಸ್ಕ್ರೂ ಆಕ್ಲಾ!"

ಅಪ್ಪ ಅಂಗಡಿಯಿಂದಲೇ "ಆ ಸೈಜು ಸ್ಟಾಕ್ ಇಲ್ಲ ಕಣಪ್ಪ" ಎಂದ. ನಾವೆಲ್ಲ ನಕ್ಕೆವು, ತಾತನೂ ನಕ್ಕ. ನಮ್ಮ ಮನೆಯ ಜಗಳಗಳು ಅಷ್ಟರಲ್ಲೇ ಮುಗಿಯುತ್ತಿದ್ದವು.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದ ವರ್ಷ, ಹೊಗೆಸೊಪ್ಪು ಬೇಯಿಸುವ ಕಾಲ. ನಮ್ಮ ತಾಲ್ಲೂಕಿನಲ್ಲಿ ಆ ದಿನಗಳಲ್ಲಿ ಯಾವ ಹಳ್ಳಿಯ ದಾರಿ ಹಿಡಿದರೂ ಬ್ಯಾರನ್ನುಗಳ ಕಮಟು ವಾಸನೆ. ನೋಡದವರಿಗೆ ಹೇಳುತ್ತೇನೆ: ಬ್ಯಾರನ್ನು ಎಂದರೆ ಕಿಟಕಿಯಿಲ್ಲದ ಎತ್ತರದ ಮಣ್ಣಿನ ಮನೆ. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಒಳಗೆ ಅಂತಸ್ತು ಅಂತಸ್ತಾಗಿ ತೂಗುಬಿಡುತ್ತಾರೆ. ಹೊರಗೆ ಒಲೆಗೆ ಸೌದೆ ಹಾಕಿದರೆ ನೆಲದಲ್ಲಿ ಓಡುವ ದಪ್ಪ ತಗಡಿನ ಕೊಳವೆ ಕಾದು, ಒಳಗಿನ ಗಾಳಿಯೇ ಸೊಪ್ಪನ್ನು ಒಣಗಿಸುತ್ತದೆ. ಕೊನೆಯ ದಿನ ಒಳಗೆ ನಿಂತರೆ ಉಸಿರು ಸುಡುತ್ತದೆ.

ಆ ಭಾನುವಾರ ಅಪ್ಪ ಬಿಡಿಭಾಗ ತರಲು ಹಾಸನಕ್ಕೆ ಹೋಗಿದ್ದ. ತಾತ ಟೀ ಅಂಗಡಿಯಲ್ಲಿ, ಅಮ್ಮ ಹಿತ್ತಲಲ್ಲಿ, ಅಂಗಡಿಯಲ್ಲಿ ನಾನೊಬ್ಬಳೇ. ಮಧ್ಯಾಹ್ನ ಸಣ್ಣಪ್ಪಣ್ಣ ಬಂದ. ಊರಾಚೆಯ ಹಳ್ಳಿಯವನು, ಹೊಗೆಸೊಪ್ಪು ಬೆಳೆಯುವವನು, ಅಪ್ಪನ ಹಳೆಯ ಗಿರಾಕಿ. ಮೂರು ವಾರದ ಹಿಂದೆ ತಾನೇ ಅಪ್ಪ ಅವನ ಫೋನಿಗೆ ಹೊಸ ಬ್ಯಾಟರಿ ಹಾಕಿದ್ದ. ಈಗ ಆ ಫೋನಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ದನ ನೀರ್ ಕುಡಿಯೋ ತೊಟ್ಟಿಗೆ ಬಿದ್ಬುಡ್ತು ಕಣವ್ವ. ಬಗ್ಗಿದೆ, ಜೇಬಿಂದ ಜಾರ್ತು. ಎಮ್ಮೆ ಒಂದ್ಸಲ ನೆಕ್ಕಿ ನೋಡ್ತು, ಚೆನ್ನಾಗಿಲ್ಲ ಅಂತ ಬುಡ್ತು."

ನಾನು ನಗುತ್ತಾ ಹಿಂದಿನ ಮುಚ್ಚಳ ತೆಗೆದೆ, ಬ್ಯಾಟರಿ ತೆಗೆದೆ, ಹತ್ತಿಯಲ್ಲಿ ಒರೆಸಿದೆ.

"ಅಪ್ಪ ನಾಳೆ ನೋಡ್ತಾರಣ್ಣ, ಇಲ್ಲೇ ಬುಟ್ಟು ಓಗಿ."

"ಅಯ್ಯೋ ಬ್ಯಾಡವ್ವ, ಸೊಪ್ಪು ಬೇಯ್ತಾ ಅದೆ. ಆಳುಗಳೆಲ್ಲ ಅದ್ಕೇ ಫೋನ್ ಮಾಡೋದು. ಒಣಗಿದ್ರೆ ಆನ್ ಆಯ್ತದಾ? ಅಕ್ಕಿ ಡಬ್ಬಿಲಿ ಮಡ್ಗು ಅಂತಾರಲ್ಲ ಎಲ್ರೂವೆ. ನಮ್ಮನೆಲಿ ಅಕ್ಕಿಗಿಂತ ರಾಗಿನೇ ಜಾಸ್ತಿ, ರಾಗಿಲಿಟ್ರೆ ನಡೀತದಾ?"

ಇಲ್ಲಿ ನನ್ನೊಳಗಿನ ಪಂಡಿತೆ ಎದ್ದಳು. ಅಕ್ಕಿ ಡಬ್ಬಿಯ ಕಥೆ ಸುಳ್ಳು ಎಂದು ನಾನು ಅದೇ ವಾರ ಒಂದು ವಿಡಿಯೊದಲ್ಲಿ ನೋಡಿದ್ದೆ.

"ಅಕ್ಕಿ ಎಲ್ಲಾ ಬರೀ ಸುಳ್ಳು ಕಣಣ್ಣ. ಧೂಳು ಸೇರ್ಕಂಡು ಇನ್ನೂ ಕೆಡ್ತದೆ. ಒಣಗಿರೋ ಜಾಗ, ಬೆಚ್ಚಗಿರೋ ಜಾಗ. ಅಷ್ಟೇ ಬೇಕಾಗಿರೋದು."

"ಬೆಚ್ಚಗಾ? ಬ್ಯಾರನ್ ಉರೀತಾ ಅದಲ್ಲವ್ವ."

"ಅದಕ್ಕಿಂತ ಒಳ್ಳೆ ಜಾಗ ಯಾವ್ದಣ್ಣ!"

ನಾನು ಇದನ್ನು ತಮಾಷೆಗೆ ಹೇಳಿದೆನೋ ನಿಜವಾಗಿ ಹೇಳಿದೆನೋ, ಇಷ್ಟು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಎರಡೂ ಅಲ್ಲ ಎನಿಸುತ್ತದೆ. ಉತ್ತರ ಕೊಟ್ಟ ಖುಷಿಯಲ್ಲಿ ಹೇಳಿದೆ. ಇನ್ನೊಂದು ಕೆಲಸವನ್ನೂ ಮಾಡಿದೆ. ಬ್ಯಾಟರಿಯನ್ನು ಬೇರೆಯಾಗಿ ಕೊಟ್ಟರೆ ಎಲ್ಲಾದರೂ ಬೀಳಿಸಿಕೊಳ್ಳುತ್ತಾನೆ ಎಂದು ಅದನ್ನು ಮತ್ತೆ ಫೋನಿಗೇ ಹಾಕಿ, ಮುಚ್ಚಳ ಒತ್ತಿ ಕೊಟ್ಟೆ. ಒದ್ದೆ ಫೋನಿನ ಬ್ಯಾಟರಿ ತೆಗೆದಿಡಬೇಕು ಎನ್ನುವುದು ಅದೇ ವಿಡಿಯೊದ ಮೊದಲ ಮಾತು. ನಾನು ಮೊದಲ ಮಾತನ್ನು ಬಿಟ್ಟು ಎರಡನೆಯದನ್ನು ಹಿಡಿದುಕೊಂಡಿದ್ದೆ. ಸಣ್ಣಪ್ಪಣ್ಣ "ನೀನ್ ಬುಡವ್ವ, ಇಂಜಿನಿಯರ್ ಆಗೋಳು" ಎಂದು ಹೊರಟ. ಸಂಜೆ ಅಪ್ಪ ಬಂದಾಗ ಯಾರಾದರೂ ಬಂದಿದ್ದರಾ ಎಂದು ಕೇಳಿದ. ಸಣ್ಣಪ್ಪಣ್ಣ ಬಂದಿದ್ದ, ಫೋನು ಒದ್ದೆಯಾಗಿತ್ತು, ಒರೆಸಿಕೊಟ್ಟೆ ಎಂದೆ. ಅಷ್ಟೇ ಹೇಳಿದೆ.

ಮಾರನೆಯ ದಿನ ಮಧ್ಯಾಹ್ನ ಬ್ಯಾರನ್ನಿಗೆ ಬೆಂಕಿ ಬಿತ್ತು. ಸಣ್ಣಪ್ಪಣ್ಣ ಫೋನನ್ನು ಟವಲಿನಲ್ಲಿ ಸುತ್ತಿ, ಒಳಗೆ ಕಾದ ಕೊಳವೆಯ ಪಕ್ಕ ಒಂದು ಇಟ್ಟಿಗೆಯ ಮೇಲೆ ಇಟ್ಟಿದ್ದನಂತೆ. ಬ್ಯಾಟರಿ ಉಬ್ಬಿ ಹೊತ್ತಿಕೊಂಡಿದೆ, ಟವಲು ಹೊತ್ತಿಕೊಂಡಿದೆ, ಮೇಲೆ ಗರಿಗರಿಯಾಗಿ ತೂಗುತ್ತಿದ್ದ ಸೊಪ್ಪು ಹೊತ್ತಿಕೊಂಡಿದೆ. ಕಡ್ಡಿಗಳನ್ನು ಎಳೆದು ಹೊರಗೆ ಹಾಕಲು ಹೋಗಿ ಸಣ್ಣಪ್ಪಣ್ಣನ ಬಲಗೈ ಬೆಂದುಹೋಯಿತು. ಜೀವಕ್ಕೆ ಏನೂ ಆಗಲಿಲ್ಲ. ಬ್ಯಾರನ್ನಿನ ಮಾಡು ಕುಸಿಯಿತು.

ಈ ಸುದ್ದಿ ನಮ್ಮ ಮನೆಗೆ ಬಂದದ್ದು ಟೀವಿಯಿಂದ. ಸಂಜೆ, ಊಟದ ಹೊತ್ತು. ಅಮ್ಮ ಮುದ್ದೆ ಬಡಿಸುತ್ತಿದ್ದಳು. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ, ಅರಕಲಗೂಡಿನಲ್ಲಿ ಮೊಬೈಲ್ ಬಾಂಬ್ ಎಂದು ಬಂತು. ಚಾರ್ಜಿಗೆ ಇಟ್ಟ ಫೋನು ಸಿಡಿದು ರೈತನ ಕೈ ಸುಟ್ಟಿತು, ಹೊಗೆಸೊಪ್ಪು ಭಸ್ಮವಾಯಿತು ಎಂದು ಒಬ್ಬ ಕೂಗುತ್ತಿದ್ದ. ತೋರಿಸಿದ ಬೆಂಕಿ ಯಾವುದೋ ದೇಶದ ದೊಡ್ಡ ಗೋದಾಮಿನದು, ಅದರ ಮುಂದೆ ಓಡುತ್ತಿದ್ದವರು ತಲೆಗೆ ಹಳದಿ ಹೆಲ್ಮೆಟ್ ಹಾಕಿದ್ದರು. ಆಮೇಲೆ ಟೀವಿಯಲ್ಲಿ ಸಣ್ಣಪ್ಪಣ್ಣನೇ ಬಂದ, ಕೈಗೆ ಬಟ್ಟೆ ಸುತ್ತಿಕೊಂಡು. "ಮೂರ್ ವಾರದಿಂದೆ ಅಂಗಡೀಲಿ ಬ್ಯಾಟ್ರಿ ಆಕ್ಸಿದ್ದೆ" ಎಂದ. ಅಲ್ಲಿಗೆ ಅವನ ಮಾತು ಕತ್ತರಿಸಿತು. ಮತ್ತೆ ಕೆಂಪು ಅಕ್ಷರ: ನಕಲಿ ಬ್ಯಾಟರಿ ಮಾರುವ ದಂಧೆ. ಕೊನೆಗೆ ಒಂದು ಅಂಗಡಿಯ ಚಿತ್ರ, ಬೋರ್ಡಿನ ಹೆಸರನ್ನು ಮಸುಕು ಮಾಡಿದ್ದರು. ಮಸುಕು ಮಾಡಿ ಏನು ಪ್ರಯೋಜನ? ಅರ್ಧ ನೀಲಿ ಅರ್ಧ ತುಕ್ಕಿನ ಆ ಶಟರ್ ಊರಿಗೆಲ್ಲ ಗೊತ್ತು.

ಅಮ್ಮನ ಕೈಯಲ್ಲಿದ್ದ ಮುದ್ದೆ ಕೈಯಲ್ಲೇ ಉಳಿಯಿತು. ತಾತ ಮೊದಲು ಟೀವಿ ನೋಡಿದ, ಆಮೇಲೆ ಅಪ್ಪನನ್ನು ನೋಡಿದ.

"ಏನ್ಲಾ ಇದು?"

"ಚಾರ್ಜ್‌ಗಾಕಿದ್ದ ಅಂತಾವ್ರೆ. ಬ್ಯಾರನ್ನಲ್ಲಿ ಪ್ಲಗ್ಗೇ ಇಲ್ವಲ್ಲಪ್ಪ" ಎಂದ ಅಪ್ಪ.

"ನಾನ್ ಕೇಳಿದ್ದು ಬ್ಯಾಟ್ರಿ ವಿಷ್ಯ."

"ಒಳ್ಳೆ ಬ್ಯಾಟ್ರಿನೇ ಆಕಿದ್ದೆ."

"ಮತ್ತೆ ಸುಮ್ಸುಮ್ನೆ ಏಳ್ತಾರಾ?"

ನಾನು ತಟ್ಟೆ ನೋಡುತ್ತಾ ಕೂತಿದ್ದೆ. ಕಿವಿಯೊಳಗೆ ನನ್ನದೇ ಮಾತು ಕೇಳುತ್ತಿತ್ತು.

ಬೆಳಗ್ಗೆ ಅಪ್ಪ ಸಣ್ಣಪ್ಪಣ್ಣನ ಊರಿಗೆ ಹೊರಟ. ನಾನೂ ಬರುತ್ತೇನೆ ಎಂದು ಹಟ ಮಾಡಿ ಬೈಕಿನ ಹಿಂದೆ ಕೂತೆ. ದಾರಿಯಲ್ಲಿ ಹೇಳಿಬಿಡಬೇಕು ಎಂದುಕೊಂಡೆ, ಗಾಳಿಗೆ ಬಾಯಿ ಬಿಡಲಾಗಲಿಲ್ಲ ಎಂದು ನೆಪ ಮಾಡಿಕೊಂಡೆ. ಸಣ್ಣಪ್ಪಣ್ಣ ಜಗುಲಿಯಲ್ಲಿ ಕೈ ಮೇಲೆತ್ತಿಕೊಂಡು ಕೂತಿದ್ದ. ಬೈಯುತ್ತಾನೆ ಎಂದುಕೊಂಡಿದ್ದೆ, ಅವನೇ ಎದ್ದು ಚಾಪೆ ಹಾಸಿದ.

"ನಾನು ಇದ್ದಿದ್ದು ಇದ್ದಂಗೇ ಏಳ್ದೆ ಕಣ್ ಮಂಜಣ್ಣ. ಬ್ಯಾರನ್ನಲ್ಲಿ ಒಣಗಾಕಿದ್ದೆ ಅಂದೆ. ಚಾರ್ಜ್ ಅಂತ ನಾನ್ ಬಾಯೇ ಬುಟ್ಟಿಲ್ಲ. ಅವ್ರು ಆ ಬ್ಯಾಟ್ರಿ ಮಾತೊಂದ್ ಆಕಿ ಮಿಕ್ಕಿದ್ದೆಲ್ಲ ಕಿತ್ತಾಕವ್ರೆ."

"ಬ್ಯಾರನ್ನಲ್ಲಿ ಯಾಕಣ್ಣ ಮಡಗ್ದೆ?" ಎಂದ ಅಪ್ಪ.

ಸಣ್ಣಪ್ಪಣ್ಣ ನನ್ನನ್ನು ನೋಡಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ನೀನು ಹೇಳುತ್ತೀಯೋ ನಾನು ಹೇಳಲೋ ಎಂದು ಕೇಳುವ ಹಾಗಿತ್ತು.

"ನಾನೇ ಏಳಿದ್ದು" ಎಂದೆ. "ಬ್ಯಾಟ್ರಿ ಒಳಗಾಕ್ಕೊಟ್ಟಿದ್ದೂ ನಾನೇ."

ಅಪ್ಪ ಹೊರಗೆ ತಿರುಗಿ ನೋಡಿದ. ಜಗುಲಿಯಿಂದ ನೋಡಿದರೆ ಸುಟ್ಟ ಬ್ಯಾರನ್ನು ಕಾಣುತ್ತಿತ್ತು, ಮಾಡಿಲ್ಲದ ನಾಲ್ಕು ಗೋಡೆ. ಸಣ್ಣಪ್ಪಣ್ಣನ ಹೆಂಡತಿ ಕಾಫಿ ತಂದಳು. ಸಣ್ಣಪ್ಪಣ್ಣ ಎಡಗೈಯಲ್ಲಿ ಲೋಟ ಹಿಡಿಯಲು ಹೆಣಗುತ್ತಾ ಹೇಳಿದ:

"ಆ ಟೀವಿ ಮೈಕಿನವ್ನು ಇವತ್ತು ನಿನ್ನಂಗಡಿಗೆ ಬತ್ತಾನಂತೆ. ಇಂಗಿಂಗೆ ಆಯ್ತು ಅಂತ ನೀನೂ ಏಳು, ನಾನೂ ಬಂದು ಏಳ್ತೀನಿ. ಬ್ಯಾಟ್ರಿ ತಪ್ಪಲ್ಲ ಅಂತಾದ್ರೂ ಆಗ್ಲಿ. ಆದ್ರೆ ಮಗೀನ ಎಸ್ರು ಬತ್ತದೆ."

"ಬ್ಯಾಡ" ಎಂದ ಅಪ್ಪ.

"ಅಂಗಡಿ ಉಳಿಯೋ ಮಾತು ಕಣ್ ಮಂಜಣ್ಣ."

"ಗೊತ್ತು. ಇವ್ಳ ಮುಖನ ಅವ್ರು ಕೆಂಪ್ ಅಕ್ಷರದಲ್ಲಿ ಆಕಿ ದಿನಾ ತೋರುಸ್ತಾರೆ. ಬ್ಯಾಡ. ನೀನೂ ಯಾರಿಗೂ ಏಳ್ಬ್ಯಾಡಣ್ಣ."

ವಾಪಸ್ಸು ಬರುವಾಗ ಅಪ್ಪ ಒಂದೇ ಮಾತು ಹೇಳಿದ, ಬೈಕು ನಿಲ್ಲಿಸಿ, ತಿರುಗಿ ನೋಡದೆ: "ತಾತಂಗೂ ಏಳ್ಬ್ಯಾಡ. ಟೀ ಅಂಗಡೀಲಿ ಮಗನ್ನ ಉಳಿಸ್ಕಳಾಕೆ ಓಗಿ ನಿನ್ನೆಸ್ರು ಏಳ್ಬುಡ್ತಾನೆ."

ಮೈಕಿನವನು ಮಧ್ಯಾಹ್ನ ಬಂದ. ನಾನು ನಡುಮನೆಯ ಬಾಗಿಲ ಪರದೆಯ ಹಿಂದೆ ನಿಂತಿದ್ದೆ, ತಾತ ನನ್ನ ಪಕ್ಕದಲ್ಲೇ ಬೆಂಚಿನ ಮೇಲೆ.

"ಈ ಬ್ಯಾಟರಿ ಎಲ್ಲಿಂದ ತರಿಸಿದ್ದು? ನಿಮ್ಮ ಮೇಲಿನ ಆರೋಪಕ್ಕೆ ಏನು ಹೇಳ್ತೀರಾ?"

"ನಾನೇನೂ ಏಳಾಕಿಲ್ಲ ಸಾ."

"ತಪ್ಪಿಲ್ಲ ಅಂದ್ರೆ ಹೇಳೋಕೇನು? ಫೋನ್ ಒದ್ದೆ ಆಗಿತ್ತಂತೆ, ನಿಮ್ಮ ಅಂಗಡಿಗೆ ಬಂದಿತ್ತಂತೆ. ಯಾರು ನೋಡಿದ್ರು?"

ನನ್ನ ಕಾಲು ಪರದೆಯಾಚೆ ಇಡಲು ಒಂದು ಹೆಜ್ಜೆ ಸಾಕಿತ್ತು. ನಾನು ಇಡಲಿಲ್ಲ. ಅಪ್ಪ ಬೇಡ ಎಂದದ್ದಕ್ಕೆ ಇಡಲಿಲ್ಲ ಎಂದು ಬಹಳ ವರ್ಷ ಹೇಳಿಕೊಂಡೆ. ನಿಜ ಏನೆಂದರೆ, ಅಪ್ಪ ಬೇಡ ಎಂದದ್ದು ನನಗೆ ಅನುಕೂಲವಾಗಿತ್ತು.

"ನಾನೇ ನೋಡ್ದೆ" ಎಂದ ಅಪ್ಪ. "ಇನ್ನೇನೂ ಕೇಳ್ಬ್ಯಾಡಿ."

ಸಂಜೆ ಟೀವಿಯಲ್ಲಿ ಅಪ್ಪ ಕೈ ಅಡ್ಡ ಹಿಡಿದು ಮುಖ ತಿರುಗಿಸುವ ಆ ಒಂದು ಕ್ಷಣವನ್ನು ನಿಧಾನ ಮಾಡಿ, ಆರೇಳು ಸಲ ತೋರಿಸಿದರು. ಕೆಳಗೆ, ಉತ್ತರಿಸದೆ ನುಣುಚಿಕೊಂಡ ಮಾಲೀಕ. ತಾತ ಅಷ್ಟೂ ಸಲ ನೋಡಿದ. ಪರದೆಯಾಚೆ ನಡೆದದ್ದನ್ನು ಅವನು ಕಿವಿಯಾರೆ ಕೇಳಿದ್ದ. ಆದರೂ ಟೀವಿಯಲ್ಲಿ ನೋಡಿದ ಮೇಲೆಯೇ ಅವನ ಮುಖ ಗಟ್ಟಿಯಾದದ್ದು.

"ನಲವತ್ತು ವರ್ಷ ಸೈಕಲ್ ತುಳ್ದೆ" ಎಂದ. "ಒಂದ್ ಹರಕು ಪಂಚೆ ಮಾರಿಲ್ಲ ಕಣ್ಲಾ ನಾನು."

ಅಪ್ಪ ಎದ್ದು ಹೋಗಿ ಕೈ ತೊಳೆದ. ಅವನ ತಟ್ಟೆಯಲ್ಲಿ ಮುದ್ದೆ ಹಾಗೇ ಇತ್ತು. ಅಮ್ಮ ತಾತನ ಮೇಲೆ ರೇಗಿದಳು, ಅವಳು ತಾತನಿಗೆ ಎದುರು ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಎತ್ತ ಮಗನ ಮಾತ್ಗಿಂತ ಆ ಡಬ್ಬದ್ ಮಾತೇ ಎಚ್ಚಾಯ್ತಾ ಮಾವ?"

"ಅವ್ನು ಮಾತಾಡಿದ್ರೆ ತಾನೆ ನಂಬದು? ಅವ್ನೇ ಬಾಯ್ ಬುಡ್ನಿಲ್ವಲ್ಲವ್ವ."

ಅಮ್ಮನಿಗೂ ನಿಜ ಗೊತ್ತಿರಲಿಲ್ಲ. ಉತ್ತರ ಇದ್ದದ್ದು ಅಪ್ಪನ ಹತ್ತಿರ ಮತ್ತು ನನ್ನ ಹತ್ತಿರ.

ಆಮೇಲೆ ದಿನಗಳು ಹೇಗೆ ಹೋದವು ಎಂದರೆ, ಜನ ಬಂದರು, ಆದರೆ ರಿಪೇರಿಗೆ ಕೊಟ್ಟ ಫೋನನ್ನು ವಾಪಸ್ಸು ಕೇಳಲು ಬಂದರು. ಬಿಚ್ಚಿದ್ದರೆ ಬಿಚ್ಚಿದ ಹಾಗೇ ಕೊಡು ಎಂದರು. ಅಪ್ಪ ಒಂದೊಂದನ್ನೂ ಸಣ್ಣ ಕವರಿಗೆ ಹಾಕಿ, ಸ್ಕ್ರೂಗಳನ್ನು ಕಾಗದದಲ್ಲಿ ಮಡಚಿ ಕೊಟ್ಟ. ಪಕ್ಕದ ಬೀದಿಯ ಒಬ್ಬ ಅಕ್ಕ ಎರಡು ವರ್ಷದ ಹಿಂದೆ ಹಾಕಿಸಿದ ಬ್ಯಾಟರಿಯನ್ನು ಇಕ್ಕಳದಲ್ಲಿ ಹಿಡಿದು ತಂದಳು. "ಬೇಜಾರ್ ಮಾಡ್ಕಬ್ಯಾಡಿ ಅಣ್ಣ, ಮಕ್ಕಳಿರೋ ಮನೆ" ಎಂದಳು. ಹಳೇಕೋಟೆಯಿಂದ ಅಜ್ಜಿ ಫೋನು ಮಾಡಿ, ನೀವೆಲ್ಲ ಆ ಮನೆಯಲ್ಲಿ ಬ್ಯಾಟರಿಗಳ ನಡುವೆ ಮಲಗಬೇಡಿ ಎಂದು ಅತ್ತಳು. ಶಾಲೆಯಲ್ಲಿ ನನ್ನ ಹೆಸರು ಬಾಂಬ್ ಎಂದಾಯಿತು. ನಾನು ಚೀಲ ಬೆಂಚಿನ ಮೇಲಿಟ್ಟರೆ ಹುಡುಗರು ಕಿವಿ ಮುಚ್ಚಿಕೊಂಡು ಕೆಳಗೆ ಬಗ್ಗುತ್ತಿದ್ದರು. ಅದನ್ನು ಶಿಕ್ಷೆ ಎಂದುಕೊಂಡು ಸುಮ್ಮನೆ ತೆಗೆದುಕೊಂಡೆ, ಅದರಿಂದ ಸ್ವಲ್ಪ ಸಮಾಧಾನವೂ ಆಗುತ್ತಿತ್ತು. ಆ ಚಾನೆಲ್ಲಿನವರು ಮೂರನೆಯ ದಿನಕ್ಕೆ ನಮ್ಮನ್ನು ಮರೆತು, ಮೊಬೈಲ್ ಟವರಿನಿಂದ ತೆಂಗಿನ ಮರಗಳು ಒಣಗುತ್ತಿವೆ ಎಂದು ಕೂಗಲು ಶುರು ಮಾಡಿದ್ದರು. ಊರು ಅಷ್ಟು ಬೇಗ ಮರೆಯಲಿಲ್ಲ.

ತಾತ ಟೀ ಅಂಗಡಿಗೆ ಹೋಗುವುದನ್ನು ಬಿಟ್ಟ. ಯಾರಾದರೂ ಕೇಳುತ್ತಾರೆ ಎಂಬ ನಾಚಿಕೆ. ಹೊರಗೆ ಹೋಗದೆ ಕೂತವನು ಇಡೀ ದಿನ ಟೀವಿಯನ್ನೇ ನೋಡಿದ. ತನ್ನ ಫೋನಿನ ಬ್ಯಾಟರಿ ತೆಗೆದು ಅಪ್ಪನ ಟೇಬಲ್ಲಿನ ಮೇಲೆ ತಂದಿಟ್ಟ. ಅದನ್ನು ಅಪ್ಪ ಬಹಳ ದಿನ ಅಲ್ಲಿಂದ ಕದಲಿಸಲಿಲ್ಲ.

ಎಂಟು ತಿಂಗಳಲ್ಲಿ ಅಂಗಡಿ ಮುಚ್ಚಿತು. ಚನ್ನರಾಯಪಟ್ಟಣದ ಒಂದು ದೊಡ್ಡ ಮೊಬೈಲ್ ಅಂಗಡಿಯಲ್ಲಿ ಅಪ್ಪನಿಗೆ ರಿಪೇರಿ ಕೆಲಸ ಸಿಕ್ಕಿತು. ಬೆಳಗ್ಗೆ ಆರೂವರೆಯ ಬಸ್ಸು ಹಿಡಿದು, ಹೊಳೆನರಸೀಪುರದಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ಹೋಗುತ್ತಿದ್ದ. ಒಂದು ಸಲ ನಾನು ಅಲ್ಲಿಗೆ ಹೋಗಿದ್ದೆ. ಅಪ್ಪ ಹಿಂದೆ ಗಾಜಿನ ಗೂಡಿನೊಳಗೆ ಕೂತಿದ್ದ. ಗಿರಾಕಿಯ ಹತ್ತಿರ ಮಾತಾಡುವುದು ಮುಂದಿನ ಹುಡುಗರ ಕೆಲಸ. ಒಬ್ಬ ಹುಡುಗ ಫೋನನ್ನು ಕೈಗೆ ತೆಗೆದುಕೊಳ್ಳುವ ಮೊದಲೇ "ಬೋರ್ಡ್ ಹೋಗಿದೆ ಸರ್, ಹೊಸದೇ ತಗೊಳ್ಳಿ" ಎನ್ನುತ್ತಿದ್ದ. ಅಪ್ಪ ಗಾಜಿನ ಹಿಂದಿನಿಂದ ತಲೆ ಎತ್ತಿ ಅವನನ್ನು ನೋಡಿ, ಮತ್ತೆ ತಲೆ ತಗ್ಗಿಸಿದ.

ನಮ್ಮ ಮುಂದಿನ ಕೋಣೆಯಲ್ಲಿ ಈಗ ಕೌಂಟರ್ ಇರಲಿಲ್ಲ, ಎರಡು ಪ್ಲಾಸ್ಟಿಕ್ ಕುರ್ಚಿ ಬಂದಿದ್ದವು. ಅಡುಗೆಮನೆಯ ವಾಸನೆ ಒಂಟಿಯಾಯಿತು. ನಾನು ಹಾಸನದ ಕಾಲೇಜಿಗೆ ಸೇರಿದೆ, ದಿನಾ ಬಸ್ಸು. ಫೋನು ಬಿಚ್ಚುವುದನ್ನು ಬಿಡಲಿಲ್ಲ, ಗೆಳತಿಯರದ್ದನ್ನು ರಿಪೇರಿ ಮಾಡಿಕೊಡುತ್ತಿದ್ದೆ. ಆದರೆ ಯಾವ ಫೋನು ತೆಗೆದುಕೊಳ್ಳಲಿ ಎಂದು ಯಾರಾದರೂ ಕೇಳಿದರೆ ಮಾತು ಬದಲಿಸುತ್ತಿದ್ದೆ. ಈಗಲೂ ಹಾಗೇ. ಕೇಳಿದವರು ನನಗೆ ಗೊತ್ತಿಲ್ಲ ಎಂದುಕೊಂಡು ಬೇರೆಯವರನ್ನು ಕೇಳುತ್ತಾರೆ.

ಡಿಗ್ರಿ ಎರಡನೆಯ ವರ್ಷದಲ್ಲಿ ತಾತ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ. ನಡುಮನೆಯಲ್ಲಿ ಮಂಚ ಹಾಕಿದೆವು. ದಿನ ಕಳೆದಂತೆ ತಾತ ಸಣ್ಣಗಾದ, ಮಾತು ಕಡಿಮೆಯಾಯಿತು, ಅಪ್ಪನ ಹತ್ತಿರವಂತೂ ಊಟ, ಮಾತ್ರೆ, ಅಷ್ಟೇ. ಅಪ್ಪನೇ ಅವನನ್ನು ಎತ್ತಿ ಕೂರಿಸುತ್ತಿದ್ದ, ಒರೆಸುತ್ತಿದ್ದ, ಬಟ್ಟೆ ಬದಲಿಸುತ್ತಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಡಾಕ್ಟರು ಇನ್ನು ಜಾಸ್ತಿ ದಿನ ಇಲ್ಲ ಎಂದ ವಾರ ನಾನು ಕಾಲೇಜಿಗೆ ಹೋಗಲಿಲ್ಲ. ಒಂದು ಮಧ್ಯಾಹ್ನ ಅಮ್ಮ ದಿನಸಿ ಅಂಗಡಿಗೆ ಹೋಗಿದ್ದಾಗ, ತಾತನಿಗೆ ಗಂಜಿ ಕುಡಿಸುತ್ತಾ ಎಲ್ಲವನ್ನೂ ಹೇಳಿದೆ. ತೊಟ್ಟಿಗೆ ಬಿದ್ದ ಫೋನು, ವಿಡಿಯೊ, ಅಕ್ಕಿ ಡಬ್ಬಿ, ಒಳಗೆ ಹಾಕಿಕೊಟ್ಟ ಬ್ಯಾಟರಿ, ಜಗುಲಿಯ ಮೇಲಿನ ಮಾತು, ಪರದೆಯ ಹಿಂದೆ ನಿಂತ ನನ್ನ ಕಾಲು. ಅಳಬಾರದು ಎಂದುಕೊಂಡಿದ್ದೆ, ಅತ್ತೆ. ತಾತ ಪೂರ್ತಿ ಕೇಳಿದ. ನಡುವೆ ಒಮ್ಮೆಯೂ ತಡೆಯಲಿಲ್ಲ.

ಎಲ್ಲ ಮುಗಿದ ಮೇಲೆ ತೆಳ್ಳಗಿನ ಕೈ ಎತ್ತಿ ನನ್ನ ತಲೆಯ ಮೇಲಿಟ್ಟ.

"ಅಪ್ಪನ ಮ್ಯಾಲೆ ಇಷ್ಟೊಂದ್ ಪ್ರೀತಿ ಮಡೀಕಂಡಿದೀಯಲ್ಲವ್ವ."

"ತಾತ, ನಿಜ್ವಾಗ್ಲೂ ನಾನೇ. ಸಣ್ಣಪ್ಪಣ್ಣನ್ನ ಕರ್ಸ್ತೀನಿ, ಕೇಳು."

"ಅವ್ನೂ ಒಳ್ಳೇನು. ನೀನ್ ಏಳ್ಕೊಟ್ಟಂಗೆ ಏಳ್ತಾನೆ." ತಾತ ಕಣ್ಣು ಮುಚ್ಚಿದ. "ಟೀವೀಲೇ ಬಂದಿತ್ತಲ್ಲವ್ವ. ನಾನೇ ನೋಡ್ದೆನಲ್ಲ. ಯಾಕ್ ಸುಮ್ನೆ ನಿನ್ ಮ್ಯಾಲೆ ಆಕ್ಕಂತೀಯ."

ನಾನು ಮತ್ತೆ ಮೊದಲಿನಿಂದ ಹೇಳಿದೆ. ಎರಡನೆಯ ಸಲ ಹೇಳುವಾಗ ನನ್ನ ಮಾತು ನನಗೇ ಕಟ್ಟುಕಥೆಯ ಹಾಗೆ ಕೇಳಿಸಿತು. ತಾತ ಮುಗುಳ್ನಗುತ್ತಿದ್ದ.

ಸಂಜೆ ಅಪ್ಪ ಬಂದ. ಕೈಕಾಲು ತೊಳೆದು ಬಂದವನನ್ನು ತಾತ ಹೆಸರು ಹಿಡಿದು ಕರೆದ. ಎಷ್ಟೋ ವರ್ಷದ ಮೇಲೆ ಕರೆದ.

"ಮಂಜಾ, ಬಾ ಇಲ್ಲಿ. ಕೂತ್ಕ."

ಅಪ್ಪ ಮಂಚದ ತುದಿಯಲ್ಲಿ ಕೂತ. ಬಸ್ಸಿನ ಧೂಳು ಇನ್ನೂ ಅವನ ಕೂದಲಲ್ಲಿತ್ತು.

"ನಿನ್ ಮಗಳು ಎಲ್ಲಾನೂವೆ ತನ್ ತಲೆ ಮ್ಯಾಲೆ ಆಕ್ಕಂಡ್ಲು ಕಣ್ಲಾ. ಅಂತಾ ಮಗಳ್ನ ಪಡ್ದಿದೀಯ. ಓಗ್ಲಿ ಬುಡು, ಆಗಿದ್ದಾಯ್ತು. ನೀನೂ ಒಟ್ಟೆಪಾಡಿಗೆ ಮಾಡ್ದೆ. ನನ್ ಮನಸ್ಸಲ್ಲಿ ಈಗ ಏನೂ ಇಲ್ಲ. ಇನ್ಮ್ಯಾಲೆ ಅಂತಾ ಮಾಲು ಮಾರ್ಬ್ಯಾಡ."

ಅಪ್ಪ ನನ್ನ ಕಡೆ ನೋಡಿದ. ನಾನು ಬಾಯಿ ತೆರೆದೆ. ಅವನು ತಲೆಯನ್ನು ಒಂದಿಷ್ಟೇ ಅಲ್ಲಾಡಿಸಿದ, ಬೇಡ ಎಂದು. ಆಮೇಲೆ ತಾತನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಆಯ್ತಪ್ಪ" ಎಂದ. "ಮಾರಾಕಿಲ್ಲ."